ಆರಿಸಿದರೋ, ಹಾರಿಸಿದರೋ

ಚಾಮರಾಜನಗರದಲ್ಲಿ ನಮ್ಮದೊಂದು ಸಣ್ಣ ಪ್ರೆಸ್ಸಿತ್ತು. ಕಾಲಲ್ಲಿ ತುಳಿಯುವ ಒಂದು ಅಚ್ಚಿನ ಯಂತ್ರ, ಗೋಡೆಗೆ ಒರಗಿಸಿದ, ಸೀಸದ ಅಕ್ಷರಗಳ ಮೊಳೆಯ ಖಾನೆಗಳು, ಒಂದು ಮೇಜು, ಬಂದವರು ಕೂರಲು ಒಂದು ಬೆಂಚು. ಇಷ್ಟನ್ನೇ ಇಟ್ಟುಕೊಂಡು ವಾರಕ್ಕೊಂದು ಪತ್ರಿಕೆ ಹೊರಡಿಸುತ್ತಿದ್ದೆವು. ಸಂಪಾದಕರು ನಮ್ಮ ಯಜಮಾನರು. ಕರಡು ತಿದ್ದುವವಳು ನಾನು. ಮೊಳೆ ಜೋಡಿಸುವುದು, ಯಂತ್ರ ತುಳಿಯುವುದು, ಸಂಪಾದಕರಿಗೆ ಬುದ್ಧಿ ಹೇಳುವುದು, ಈ ಮೂರೂ ಹರದನಹಳ್ಳಿಯಿಂದ ದಿನಾ ಸೈಕಲ್ಲಿನಲ್ಲಿ ಬರುತ್ತಿದ್ದ ನಮ್ಮ ಕಂಪೋಸಿಟರನ ಕೆಲಸ. ವಯಸ್ಸಿನಲ್ಲಿ ನಮ್ಮಿಬ್ಬರಿಗಿಂತಲೂ ದೊಡ್ಡವನಾದ್ದರಿಂದ ನಾನು ಅವನನ್ನು ಅಣ್ಣ ಎನ್ನುತ್ತಿದ್ದೆ. ಅಣ್ಣ ಎನಿಸಿಕೊಂಡ ಮೇಲೆ ಅವನು ಯಾರ ಮಾತನ್ನೂ ಕೇಳುತ್ತಿರಲಿಲ್ಲ.

ಬೇರೆ ಪ್ರೆಸ್ಸುಗಳಲ್ಲಿ ಯಾವ ಮೊಳೆ ಮೊದಲು ಸವೆಯುತ್ತಿತ್ತೋ ನನಗೆ ಗೊತ್ತಿಲ್ಲ. ನಮ್ಮಲ್ಲಿ ಸವೆಯುತ್ತಿದ್ದದ್ದು 'ಹ'. ನಮ್ಮ ಕಡೆಯ ಜನ ಮಾತಾಡುವಾಗ ಹಕಾರವನ್ನು ಹೊಸಿಲಾಚೆ ಬಿಟ್ಟು ಬರುತ್ತಾರೆ. ಹಾಲು ಆಲಾಗುತ್ತದೆ, ಹೂವು ಊವಾಗುತ್ತದೆ, ಹೆಂಡತಿ ಎಂಡ್ತಿಯಾಗುತ್ತಾಳೆ. ಅದರಲ್ಲಿ ನಾಚಿಕೆ ಪಡುವಂಥದ್ದು ಏನಿದೆ? ಹಾಲು ಆಲಾದ ಮಾತ್ರಕ್ಕೆ ಕಾಫಿ ಕೆಡುವುದಿಲ್ಲ. ಆದರೆ ನಮ್ಮ ಅಣ್ಣನಿಗೆ ಚಿಕ್ಕಂದಿನಲ್ಲಿ ಯಾರೋ ಮೇಷ್ಟ್ರು ಈ 'ಹ'ದ ಸಲುವಾಗಿ ಚೆನ್ನಾಗಿ ಬಾರಿಸಿದ್ದರಂತೆ. ಆ ಪೆಟ್ಟು ನಾಲಿಗೆಗೆ ತಲುಪದೆ ಬೆರಳಿಗೆ ತಲುಪಿತ್ತು. ಅವನ ಮಾತಿನಲ್ಲಿ ಮದ್ದಿಗೂ 'ಹ' ಸಿಗದು. ಮೊಳೆ ಜೋಡಿಸಲು ನಿಂತನೋ, 'ಅ' ಕಂಡಲ್ಲೆಲ್ಲ ಇದು 'ಹ'ವೇ ಇದ್ದೀತು ಎಂಬ ಗುಮಾನಿ. ಅಲ್ಪಪ್ರಾಣ ಮಹಾಪ್ರಾಣದ ವಿಷಯದಲ್ಲೂ ಅಷ್ಟೆ, ಧಾರಾಳದ ಕೈ.

"ಅ ಬುಟ್ರೆ ಅಳ್ಳಿಯೋನು ಅಂತಾರೆ ಕಣವ್ವ. ಒಂದ್ ಅ ಜಾಸ್ತಿ ಆಕುದ್ರೆ ಪಂಡಿತ ಅಂತಾರೆ," ಎಂದು ನನಗೇ ಪಾಠ ಹೇಳುತ್ತಿದ್ದ.

ಕರಡು ತಿದ್ದುವಾಗ ನಮ್ಮಿಬ್ಬರ ಮಾತು ಕೇಳಿದವರು ಇವರಿಗೆ ತಲೆ ನೆಟ್ಟಗಿಲ್ಲ ಅಂದುಕೊಳ್ಳಬೇಕು.

"ಅಣ್ಣ, ಅಕ್ಕಿ ಧಾರಣೆ ಅನ್ನೋ ಕಡೆ ಹಕ್ಕಿ ಧಾರಣೆ ಅಂತ ಬಂದಿದೆ ನೋಡು."

"ಅ ಆಕಿವ್ನಲ್ಲವ್ವ."

"ಹ ಹಾಕಿದ್ದೀಯ. ಅ ಹಾಕಬೇಕು."

"ಅದ್ನೇ ಅಂದೆ. ಅ ಆಕಿವ್ನಿ."

ಕೊನೆಗೊಂದು ರಾಜಿಗೆ ಬಂದೆವು. ತಿನ್ನುವ ಅಕ್ಕಿಯದು ಚಿಕ್ಕ ಅ, ಹಾರುವ ಹಕ್ಕಿಯದು ದೊಡ್ಡ ಅ. ಆಮೇಲೆ ಸಂಸಾರ ಸುಸೂತ್ರವಾಗಿ ನಡೆಯಿತು, ನಾನು ಊರಲ್ಲಿ ಇರುವ ತನಕ.

ನಮ್ಮ ಯಜಮಾನರಿಗೆ ಬೇರೆಯೇ ಹುಚ್ಚು, ಸಂವಿಧಾನದ ಹುಚ್ಚು. ಅದು ಬಂದು ಆಗಿನ್ನೂ ನಾಲ್ಕೈದು ವರ್ಷವಾಗಿತ್ತು. ಹೊಸದಾಗಿ ಮದುವೆಯಾದವನು ಯಾವ ಮಾತೆತ್ತಿದರೂ ಮಾವನ ಮನೆ ಸುದ್ದಿಗೆ ಬರುವ ಹಾಗೆ, ಇವರು ಮಳೆಯಿಂದ ಶುರು ಮಾಡಿದರೂ ಹತ್ತೊಂಬತ್ತನೇ ವಿಧಿಗೆ ಬಂದು ನಿಲ್ಲುತ್ತಿದ್ದರು. ಇಂಗ್ಲಿಷಿನ ಆ ದಪ್ಪ ಪುಸ್ತಕ ಮೇಜಿನ ಮೇಲೆ ಅಂಟಿನ ಡಬ್ಬಿಯ ಪಕ್ಕದಲ್ಲಿ ಸದಾ ಇರುತ್ತಿತ್ತು. ಬಾಗಿಲ ಮೇಲೊಂದು ಬೋರ್ಡು ಬೇರೆ ಬರೆಸಿದ್ದರು: 'ಮಾತಿನ ಸ್ವಾತಂತ್ರ್ಯ ನಮ್ಮ ಹಕ್ಕು.' ಊರೆಲ್ಲ ಅದನ್ನು 'ನಮ್ಮ ಅಕ್ಕು' ಎಂದು ಓದಿ ಮುಂದೆ ಹೋಗುತ್ತಿತ್ತು.

ಇಷ್ಟೆಲ್ಲ ಹಕ್ಕನ್ನು ತಲೆಯ ಮೇಲೆ ತೂಗುಹಾಕಿಕೊಂಡು ನಾವು ಅಚ್ಚು ಹಾಕುತ್ತಿದ್ದದ್ದೇನು ಎಂದರೆ ಮಳೆ, ಬೆಳೆ, ಸಂತೆ ಧಾರಣೆ, ಸಭೆಗಳಲ್ಲಿ ಹಾರ ಹಾಕಿಸಿಕೊಂಡವರ ಸುದ್ದಿ, ಪುಣಜನೂರಿನ ಹತ್ತಿರ ಆನೆ ಅಡ್ಡ ನಿಂತು ಸತ್ಯಮಂಗಲದ ಬಸ್ಸು ತಡವಾದ ಸುದ್ದಿ. ಆ ಆನೆಯೊಂದನ್ನು ಬಿಟ್ಟರೆ ಇನ್ನಾರ ಮನಸ್ಸಿಗೂ ನೋವಾಗುವಂಥ ಸಾಲು ನಮ್ಮ ನಾಲ್ಕು ಪುಟಗಳಲ್ಲಿ ಹುಡುಕಿದರೂ ಸಿಗುತ್ತಿರಲಿಲ್ಲ. ಆನೆ ಪತ್ರಿಕೆ ಓದುವುದಿಲ್ಲ ಎಂಬ ಧೈರ್ಯ.

ಆಗ ನಮ್ಮೂರಿನ ದೊಡ್ಡ ಬೀದಿಗಳಿಗೆ ಕರೆಂಟು ಬಂದಿತ್ತು. ಹಿಂದಿನ ಕೂಲಿಯವರ ಬೀದಿಗಳಲ್ಲಿ ಮಾತ್ರ ಹೊತ್ತು ಮುಳುಗಿದರೆ ಕಣ್ಣಿಗೆ ಕೈ ಕಾಣದು. ಊರಿನ ಕೆಲವು ಹಿರಿಯರು ಸೇರಿ, ಚಂದಾ ಎತ್ತಿ, ದೀಪ ಸಮಿತಿ ಅಂತ ಒಂದು ಕಟ್ಟಿದರು. ಬೀದಿ ಬೀದಿಗೂ ಮರದ ಕಂಬ ನೆಟ್ಟು, ಕಂಬಕ್ಕೊಂದು ಸೀಮೆಎಣ್ಣೆ ಲಾಂದ್ರ ತೂಗುಹಾಕಿದರು. ಸಮಿತಿಯ ಅಧ್ಯಕ್ಷರು ಅಕ್ಕಿ ಗಿರಣಿಯ ಯಜಮಾನರು. ನಮ್ಮ ಪ್ರೆಸ್ಸು ಇದ್ದ ಮಳಿಗೆಯೂ ಅವರದೇ. ಕೆಟ್ಟ ಮನುಷ್ಯರೆಂದು ನಾನು ಹೇಳಲಾರೆ, ಎದುರು ಸಿಕ್ಕರೆ "ಊಟ ಆಯ್ತಾ ತಾಯಿ" ಎನ್ನದೆ ಹೋಗುತ್ತಿರಲಿಲ್ಲ. ಆದರೆ ಊರಿನದು ಯಾವುದು ತನ್ನದು ಯಾವುದು ಎಂಬ ಗೆರೆ ಅವರ ಕಣ್ಣಿಗೆ ಅಷ್ಟು ಸ್ಪಷ್ಟವಾಗಿ ಕಾಣುತ್ತಿರಲಿಲ್ಲ.

ಲಾಂದ್ರಗಳ ಗಾಜಿನ ಮೇಲೆ 'ದೀಪ ಸಮಿತಿ' ಎಂಬುದನ್ನು ಚುಟುಕಾಗಿ 'ದೀ.ಸ.' ಎಂದು ಬಣ್ಣದಲ್ಲಿ ಬರೆಯುವ ಕೆಲಸ ನಮ್ಮ ಪ್ರೆಸ್ಸಿಗೇ ಬಂತು. ಅಣ್ಣ ಕುಂಚ ಹಿಡಿದು ಸಂಭ್ರಮದಿಂದ ಬರೆದ. ಎಲ್ಲ ಲಾಂದ್ರಗಳ ಮೇಲೂ ಕೆಂಪು ಅಕ್ಷರದಲ್ಲಿ 'ಧೀ.ಸ.' ಎಂದು ಮೂಡಿತು. 'ದ'ಕ್ಕೆ ಹೊಕ್ಕಳು ಸೀಳಿ ಮಹಾಪ್ರಾಣ ಮಾಡಿದ್ದನ್ನು ನಾವು ನೋಡುವ ಹೊತ್ತಿಗೆ ಬಣ್ಣ ಒಣಗಿತ್ತು. ಅಧ್ಯಕ್ಷರಿಗೆ ಅದು ಕಾಣಲೂ ಇಲ್ಲ.

ಕೆಲವು ತಿಂಗಳಾದ ಮೇಲೆ ಎಣ್ಣೆ ಖರ್ಚು ಹೆಚ್ಚಾಯಿತೆಂದು, ಹಿಂದಿನ ಬೀದಿಗಳ ದೀಪಗಳನ್ನು ಊಟದ ಹೊತ್ತಿಗೇ ಆರಿಸತಕ್ಕದ್ದು ಎಂದು ಸಮಿತಿ ತೀರ್ಮಾನಿಸಿತು. ಅಧ್ಯಕ್ಷರಿಗೆ ಉದ್ಘಾಟನೆ ಎಂದರೆ ಪ್ರಾಣ. ಹಚ್ಚುವುದನ್ನು ಉದ್ಘಾಟಿಸಿ ಆಗಿತ್ತಲ್ಲ, ಈಗ ಆರಿಸುವುದನ್ನೂ ಉದ್ಘಾಟಿಸಿದರು. ತಾವೇ ಬೀದಿ ಬೀದಿ ತಿರುಗಿ ಮೊದಲ ದಿನದ ದೀಪಗಳನ್ನು ಆರಿಸಿ, ಆ ಸುದ್ದಿಯನ್ನು ನಮಗೆ ಕಳಿಸಿಕೊಟ್ಟರು. ನಮ್ಮವರು ಅದಕ್ಕೆ ಇನ್ನೆರಡು ಹೊಗಳಿಕೆ ಸೇರಿಸಿ ಮೊದಲ ಪುಟಕ್ಕೆ ಬರೆದರು.

ಆ ವಾರ ನಾನು ಗುಂಡ್ಲುಪೇಟೆಯಲ್ಲಿದ್ದೆ. ಅದು ನನ್ನ ತವರು. ಅತ್ತಿಗೆಗೆ ಹೆರಿಗೆಯಾಗಿತ್ತು, ಅಮ್ಮನ ಕೈಗೆ ಆಸರೆಯಾಗಲಿ ಎಂದು ಹೋಗಿದ್ದೆ. ವೈನಾಡಿನ ಕಡೆಯಿಂದ ಬಂದ ನೇಂದ್ರ ಬಾಳೆಹಣ್ಣು ತಿಂದುಕೊಂಡು, ಮಗು ಆಡಿಸಿಕೊಂಡು, 'ಹ'ದ ಚಿಂತೆಯಿಲ್ಲದೆ ಸುಖವಾಗಿದ್ದೆ. ಇಲ್ಲಿ ಕರಡು ನೋಡುವ ಕೆಲಸ ಸಂಪಾದಕರ ಪಾಲಿಗೆ ಬಿತ್ತು. ಬರೆದವರೇ ಕರಡು ನೋಡಿದರೆ ಏನಾಗುತ್ತದೆ ಎಂದು ಬಲ್ಲವರು ಬಲ್ಲರು. ಅವರು ಕಾಗದದ ಮೇಲೆ ಇದ್ದದ್ದನ್ನು ಓದಲಿಲ್ಲ, ತಾವು ಬರೆದದ್ದನ್ನು ಓದಿದರು.

ಹಿಂದಿರುಗುವಾಗ ಬಸ್ಸು ತೆರಕಣಾಂಬಿಯಲ್ಲಿ ನಿಂತಿತು. ಡ್ರೈವರು ಕಾಫಿಗೆ ಇಳಿದ, ಕಂಡಕ್ಟರು ಜನ ಕೂಗುತ್ತಿದ್ದ. ನಾನು ಕಿಟಕಿ ಪಕ್ಕ ಕೂತು ಬೀದಿ ನೋಡುತ್ತಿದ್ದೆ. ಎದುರಿಗೇ ಒಂದು ದೊಡ್ಡ ಮನೆ, ಅದರ ಮುಂದೆ ಹಸಿರು ಚಪ್ಪರ, ಮದುವೆ ಮನೆಯ ಗಲಾಟೆ. ಜಗುಲಿಯ ಮೇಲೆ ಒಬ್ಬ ಆಳು ಸಾಲಾಗಿ ಲಾಂದ್ರಗಳನ್ನಿಟ್ಟುಕೊಂಡು, ಬೂದಿ ಹಚ್ಚಿ, ಗಾಜು ಒರೆಸುತ್ತಿದ್ದ. ಒಂದನ್ನು ಒರೆಸಿ ಬಿಸಿಲಿಗೆ ತಿರುಗಿಸಿದ. ಕೆಂಪು ಬಣ್ಣದಲ್ಲಿ 'ಧೀ.ಸ.' ಎಂದಿತ್ತು.

ನಾನು ಗಟ್ಟಿಯಾಗಿ ನಕ್ಕುಬಿಟ್ಟೆ. ಈ ಭೂಮಂಡಲದಲ್ಲಿ ದೀಪಕ್ಕೆ ಹೊಕ್ಕಳು ಸೀಳುವ ಕೈ ಒಂದೇ. ಕಿಟಕಿಯಿಂದಲೇ ಕೂಗಿ ಕೇಳಿದೆ, "ಯಾರ ಮನೆ ಮದುವೆಯಪ್ಪಾ?"

"ನಗರದ ಅಕ್ಕಿ ಮಿಲ್ ಯಜಮಾನ್ರ ತಮ್ಮನ್ ಮಗಳ್ದು ಕಣವ್ವ. ದೀಪ್ವೂ ಅವ್ರೇ ಗಾಡಿ ಮ್ಯಾಲೆ ಕಳ್ಸವ್ರೆ," ಎಂದ.

ಒಂದು ದಿನದ ಮಟ್ಟಿಗೆ ಎರವಲು ಕೊಟ್ಟಿರಬೇಕು ಅಂದುಕೊಂಡು ಸುಮ್ಮನಾದೆ. ಬಸ್ಸು ಹೊರಟಿತು.

ಊರಿಗೆ ಬಂದು ಪ್ರೆಸ್ಸಿನ ಬಾಗಿಲಿಗೆ ಕಾಲಿಟ್ಟರೆ, ಒಳಗೆ ಹೆಣ ಬಿದ್ದ ಮನೆಯ ಕಳೆ. ಅಧ್ಯಕ್ಷರು ಬೆಂಚಿನ ಮೇಲೆ ಕೂತಿದ್ದಾರೆ. ನಮ್ಮವರು ತಮ್ಮ ಮೇಜಿನ ಹಿಂದೆ ತಾವೇ ಅಪರಾಧಿಯ ಹಾಗೆ ನಿಂತಿದ್ದಾರೆ. ಮೊಳೆಯ ಖಾನೆಗಳ ಹಿಂದಿನಿಂದ ಅಣ್ಣನ ಎರಡು ಪಾದ ಮಾತ್ರ ಕಾಣುತ್ತಿದೆ. ಮೇಜಿನ ಮೇಲೆ ಹೊಸ ಸಂಚಿಕೆ. ಮೊದಲ ಪುಟದಲ್ಲಿ ದಪ್ಪ ಅಕ್ಷರದಲ್ಲಿ ಹೀಗಿತ್ತು: 'ಜನಹಿತವನ್ನು ಮನಸ್ಸಿನಲ್ಲಿಟ್ಟುಕೊಂಡು ಮಾನ್ಯ ಅಧ್ಯಕ್ಷರು ತಾವೇ ಮುಂದೆ ನಿಂತು ಹಿಂದಿನ ಬೀದಿಗಳ ದೀಪಗಳನ್ನು ಒಂದೊಂದಾಗಿ ಹಾರಿಸಿದರು.'

ಹಾರಿಸುವುದೆಂದರೆ ಗಾಳಿಪಟ ಹಾರಿಸುವುದೂ ಆಗುತ್ತದೆ. ಆದರೆ ಊರಿನವರು ಯಾರೂ ಗಾಳಿಪಟವನ್ನು ನೆನೆಸಿಕೊಂಡಿರಲಿಲ್ಲ. ಬಾಯಿಬಿಟ್ಟು ಓದದೆ ಕಣ್ಣಲ್ಲೇ ಓದಿಕೊಂಡವರೆಲ್ಲ ಸಂತೆಯಲ್ಲಿ ಅಧ್ಯಕ್ಷರನ್ನು ಕಂಡು ಮೀಸೆಯಡಿ ನಗುತ್ತಿದ್ದರಂತೆ.

"ನಾನ್ ಕೂಗಾಡಕ್ಕೆ ಬಂದಿಲ್ಲ ಎಡಿಟ್ರೆ," ಎಂದರು ಅಧ್ಯಕ್ಷರು. ನಿಜವಾಗಿಯೂ ಮೆಲ್ಲಗೆ ಮಾತಾಡುತ್ತಿದ್ದರು, ಅದೇ ಭಯ ಹುಟ್ಟಿಸುವಂತಿತ್ತು. "ತಪ್ಪಾಯ್ತು ಅಂತ ಅಚ್ಚಾಕ್ಬುಡಿ. ಏನ್ ಆಕ್ಬೇಕು ಅಂತ ನಾನೇ ಬರ್ಸ್ಕೊಂಡು ಬಂದಿವ್ನಿ."

ನಮ್ಮವರು ಅದನ್ನು ಓದಿದರು. 'ಮಾನ್ಯ ಅಧ್ಯಕ್ಷರು ಒಂದು ದೀಪವನ್ನೂ ಮುಟ್ಟಿಲ್ಲ. ಎಲ್ಲ ದೀಪಗಳೂ ಆಯಾ ಕಂಬಗಳಲ್ಲೇ ಇರುವುದನ್ನು ನಾವು ಕಣ್ಣಾರೆ ಕಂಡು ಬಂದಿದ್ದೇವೆ. ತಪ್ಪು ಮಾಡಿದ ನೌಕರನನ್ನು ಕೆಲಸದಿಂದ ತೆಗೆಯಲಾಗಿದೆ.'

"ಬರೋ ಸಂಚಿಕೆಲಿ ಇದು ಬಂದ್ರೆ ಸರಿ. ಇಲ್ದಿದ್ರೆ ಮಳಿಗೆ ನಂಗೆ ಬೇಕು. ಭತ್ತದ ಮೂಟೆ ಇಕ್ಕಕ್ಕೆ ಜಾಗಿಲ್ಲ."

ನಮ್ಮವರ ಕೈ ಅದಾಗಿಯೇ ಪುಸ್ತಕದ ಮೇಲೆ ಹೋಯಿತು. "ಯಜಮಾನ್ರೆ, ಸಂವಿಧಾನದಲ್ಲಿ ಪತ್ರಿಕಾ ಸ್ವಾತಂತ್ರ್ಯ ಅಂತ..."

"ಎಲ್ಲದೆ? ತೋರ್ಸಿ."

ಇವರು ಹತ್ತೊಂಬತ್ತನೇ ವಿಧಿ ತೆಗೆದು ಬೆರಳಿಟ್ಟು ಓದಿದರು. ಎಲ್ಲ ನಾಗರಿಕರಿಗೂ ಮಾತಿನ ಮತ್ತು ಅಭಿಪ್ರಾಯ ತಿಳಿಸುವ ಸ್ವಾತಂತ್ರ್ಯ ಉಂಟು ಎಂದು ಕನ್ನಡದಲ್ಲೂ ಹೇಳಿದರು.

"ಪೇಪರ್ ಅನ್ನೋ ಮಾತು ಎಲ್ಲದೆ ಅದ್ರಲ್ಲಿ? ಪ್ರೆಸ್ಸು ಅಂತ ಎಲ್ಲದೆ?"

ಇವರು ಹಾಳೆ ತಿರುವಿದರು, ಮತ್ತೆ ಹಿಂದಕ್ಕೆ ತಿರುವಿದರು. ಇಷ್ಟು ವರ್ಷ ದಿನಾ ಪಾರಾಯಣ ಮಾಡಿದ ಪುಸ್ತಕ. ಆ ಪದ ಅಲ್ಲಿರಲಿಲ್ಲ.

"ಇಲ್ಲ ತಾನೆ?" ಎಂದು ಅಧ್ಯಕ್ಷರು ಎದ್ದರು. "ಮಾತಾಡಕ್ಕೆ ಅಕ್ಕು ಕೊಟ್ಟವ್ರೆ, ಮಾತಾಡ್ಕೊಳ್ಳಿ, ನಾನ್ ಬ್ಯಾಡ ಅನ್ನಲ್ಲ. ಅಚ್ಚಾಕಕ್ಕೆ ಯಾರೂ ಕೊಟ್ಟಿಲ್ಲ." ಬಾಗಿಲಲ್ಲಿ ನನ್ನನ್ನು ಕಂಡು, "ಬಂದ್ರಾ ತಾಯಿ? ಬಾಣಂತಿ ಉಷಾರಾ?" ಎಂದು ವಿಚಾರಿಸಿಕೊಂಡು ಹೋದರು.

ಅವರು ಅತ್ತ ಹೋದದ್ದೇ ನಾನು ಇತ್ತ ತೆರಕಣಾಂಬಿಯ ಕಥೆ ಬಿಚ್ಚಿದೆ. ಖಾನೆಗಳ ಹಿಂದಿನಿಂದ ಅಣ್ಣ ಹೊರಗೆ ಹಾರಿ ಬಂದ.

"ಅಂದ್ರೆ ನಾನ್ ಜೋಡ್ಸಿದ್ದೇ ಸರಿ ಅಂದಂಗಾಯ್ತು! ಅದ್ಕೇ ಏಳದು, ದೊಡ್ ಅ ಯಾವತ್ತೂ ಕೈ ಬುಡಲ್ಲ ಅಂತ."

ನಮ್ಮವರಿಗೆ ಮಾತ್ರ ಮುಖ ಇನ್ನಷ್ಟು ಬಾಡಿತು. "ನೀನು ಕಿಟಕಿ ಪಕ್ಕ ಯಾಕೆ ಕೂತೆ?" ಎಂದರು.

"ಏನು ಹಾಗಂದರೆ?"

"ಗೊತ್ತಿಲ್ಲದೆ ಇದ್ದಿದ್ದರೆ ಅಧ್ಯಕ್ಷರು ಕೊಟ್ಟಿದ್ದನ್ನ ಹಾಕಿಬಿಡಬಹುದಿತ್ತು. ಈಗ ಗೊತ್ತಾಗಿಬಿಟ್ಟಿತಲ್ಲ."

ನನಗೆ ಬಂದ ಸಿಟ್ಟು ಇಷ್ಟಲ್ಲ. ಆ ಬೋರ್ಡನ್ನು ಕೆಳಗಿಳಿಸಿ ಬಚ್ಚಲಿಗೆ ಮಣೆ ಮಾಡಿಕೊಡುತ್ತೇನೆ ಎಂದೆ. ಆಗಲೇ ಅಣ್ಣ ಸೈಕಲ್ಲಿನ ಕಡೆ ಹೊರಟಿದ್ದ. "ನನ್ನಿಂದ ನೀವ್ ಬೀದಿಗ್ ಬೀಳದು ಬ್ಯಾಡ. ನನ್ ತೆಗ್ದಾಕಿ, ಅವ್ರು ಏಳ್ದಂಗೆ ಆಕ್ಬುಡಿ," ಎಂದ. ಒಂದು ಗಳಿಗೆಯ ಹಿಂದೆ ಜಂಬ ಕೊಚ್ಚಿದ್ದ ಮನುಷ್ಯನ ದನಿ ಒಡೆದಿತ್ತು. ಅವನನ್ನು ತೋಳು ಹಿಡಿದು ಬೆಂಚಿನ ಮೇಲೆ ಕೂರಿಸಿದೆ. ಬರೀ ಎರವಲೇ ಇರಬಹುದು, ಮೊದಲು ಬೀದಿ ನೋಡೋಣ, ಆಮೇಲೆ ಯಾರನ್ನು ತೆಗೆಯುವುದೋ ನೋಡೋಣ ಎಂದೆ.

ಆ ಸಂಜೆಯೇ ಗಂಡನನ್ನು ಎಳೆದುಕೊಂಡು ಹಿಂದಿನ ಬೀದಿಗಳಿಗೆ ಹೋದೆ. ಹೇಳಿಬಿಡುತ್ತೇನೆ, ಅಲ್ಲಿಗೆ ನಾನು ಕಾಲಿಟ್ಟದ್ದು ಅದೇ ಮೊದಲು. ಕಂಬಗಳಿದ್ದವು, ಕೊಕ್ಕೆಗಳಿದ್ದವು, ಲಾಂದ್ರ ಒಂದೂ ಇರಲಿಲ್ಲ. ಒಂದು ಮನೆಯ ಮುಂದೆ ಹೆಂಗಸೊಬ್ಬಳು ಸೌದೆ ಹೊರೆ ಇಳಿಸುತ್ತಿದ್ದಳು. ದೀಪ ಎಲ್ಲಮ್ಮ ಎಂದು ಕೇಳಿದೆ.

"ದೀಪ್ವ? ಯಜಮಾನ್ರು ಬಂದು ಆರ್ಸುದ್ರು. ಇಂದ್ಲಿಂದ್ಲೇ ಆಳ್ಗೊಳು ಬಂದು ಬಿಚ್ಕಂಡು ಓದ್ರು. ಎಲ್ಡ್ ವಾರಾಯ್ತು ಕಣವ್ವ." ಒಳಗಿನಿಂದ ಯಾರೋ ನರಳಿದರು. "ನಮ್ಮತ್ತೆ. ಕತ್ಲೇಲಿ ಚರಂಡಿಗೆ ಬಿದ್ದು ಸೊಂಟ ಮುರ್ಕಂಡವ್ರೆ." ಆಮೇಲೆ ನಮ್ಮವರ ಮುಖ ಸರಿಯಾಗಿ ನೋಡಿ, "ನೀವು ಪೇಪರ್ನೋರಲ್ವಾ? ನಿಮ್ಗೆ ಗೊತ್ತಿಲ್ವಾ ಇದು?" ಎಂದಳು.

ಅವಳು ಚುಚ್ಚಿ ಕೇಳಿದ್ದಲ್ಲ. ಪೇಪರಿನವರಿಗೆ ಎಲ್ಲ ಗೊತ್ತಿರುತ್ತದೆ ಎಂದು ನಂಬಿ ಕೇಳಿದ್ದು.

ಮಾರನೆಯ ದಿನ ಪರಿಚಯದ ವಕೀಲರ ಮನೆಗೆ ಹೋದೆವು. ಬಡಕಲು ಮನುಷ್ಯ, ನಶ್ಯದ ಡಬ್ಬಿ ಕೈ ಬಿಡದವರು. ನಮ್ಮವರು ಎಲ್ಲಕ್ಕಿಂತ ಮೊದಲು ಕೇಳಿದ್ದು ಮಳಿಗೆಯ ವಿಷಯವಲ್ಲ, ಆ ಪದದ ವಿಷಯ. ರಾತ್ರಿಯೆಲ್ಲ ಅದೇ ಕೊರೆದಿರಬೇಕು.

"ಪ್ರೆಸ್ಸು ಅನ್ನೋ ಪದ ಇಲ್ಲ. ಬೇಕಾಗಿಯೂ ಇಲ್ಲ," ಎಂದರು ವಕೀಲರು. "ಮಾತಿನ ಸ್ವಾತಂತ್ರ್ಯದ ಹೊಟ್ಟೆಯೊಳಗೇ ಪತ್ರಿಕೆಯ ಸ್ವಾತಂತ್ರ್ಯವೂ ಇದೆ ಅಂತ ದೆಹಲಿಯ ದೊಡ್ಡ ಕೋರ್ಟೇ ಹೇಳಿ ಆಯ್ತು. ಅಚ್ಚಾದರೆ ಮಾತು ಮಾತಲ್ಲದೆ ಇನ್ನೇನಾಗುತ್ತೆ? ದೂರದವರಿಗೂ ಕೇಳಿಸುತ್ತೆ, ಅಷ್ಟೆ."

ನಮ್ಮವರ ಮುಖಕ್ಕೆ ಜೀವ ಬಂತು. ವಕೀಲರು ನಶ್ಯ ಏರಿಸಿದರು.

"ಕುಣೀಬೇಡ, ಪೂರ್ತಿ ಕೇಳು. ಆ ಹಕ್ಕಿಗೆ ಬೇಲಿಯೂ ಇದೆ. ಒಬ್ಬರ ಮಾನ ಕಳೆಯೋ ಸುಳ್ಳು ಹಾಕಿದರೆ ಅದು ನಿನ್ನ ಕಾಯೋದಿಲ್ಲ. ನಿಜ ಹಾಕಿ, ಅದರಿಂದ ಜನಕ್ಕೆ ಒಳ್ಳೇದಾದರೆ ಹೆದರಬೇಕಾಗಿಲ್ಲ. ನಿನ್ನ ಹೆಂಡತಿ ನೋಡಿದ್ದು ನಿಜ ತಾನೆ?"

"ಧೀ ಅಂತ ಇತ್ತು," ಎಂದೆ. ವಕೀಲರಿಗೆ ಅದು ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ನಶ್ಯವಿಲ್ಲದೆಯೇ ಸೀನಿದರು.

"ಇನ್ನೊಂದು ಮಾತು," ಎಂದರು ನಾವು ಏಳುವಾಗ. "ಸಂವಿಧಾನ ಸರ್ಕಾರದ ಕೈ ಹಿಡಿಯುತ್ತೆ. ಮಳಿಗೆ ಯಜಮಾನನ ಕೈ ಹಿಡಿಯೋದಿಲ್ಲ. ಖಾಲಿ ಮಾಡು ಅಂದರೆ ಖಾಲಿ ಮಾಡಬೇಕು. ನಮ್ಮ ಹಿತ್ತಲಲ್ಲಿ ದನ ಕಟ್ಟೋ ಕೊಟ್ಟಿಗೆ ಒಂದಿದೆ. ಈಗ ದನ ಇಲ್ಲ."

ಆ ಮಧ್ಯಾಹ್ನ ನಮ್ಮವರು ಬರೆಯಲು ಕೂತರು. ಮೂರು ಸಲ ಹರಿದು ಹಾಕಿದರು. ಅವರಿಗೆ ಹೆದರಿಕೆ ಹೋಗಿರಲಿಲ್ಲ. "ಬೇಕಾದರೆ ಏನೂ ಹಾಕದೆ ಬಾಯಿ ಮುಚ್ಚಿಕೊಂಡಿರಬಲ್ಲೆ. ಕಾಣದ್ದನ್ನ ಕಣ್ಣಾರೆ ಕಂಡೆ ಅಂತ ನನ್ನ ಪತ್ರಿಕೆಯಲ್ಲಿ ಹೇಗೆ ಹಾಕಲಿ?" ಎಂದು ನನ್ನನ್ನು ಕೇಳಿದರು. ನನ್ನ ಕೋಪವೆಲ್ಲ ಇಳಿದುಹೋಗಿ, ಕಾಫಿ ಮಾಡಿಕೊಟ್ಟೆ. ಕೊನೆಗೆ ಅವರು ಬರೆದದ್ದು ಇಷ್ಟು:

'ತಿದ್ದುಪಡಿ. ಕಳೆದ ಸಂಚಿಕೆಯಲ್ಲಿ ಆರಿಸಿದರು ಎಂದಿರಬೇಕಾದ ಕಡೆ ಹಾರಿಸಿದರು ಎಂದು ಅಚ್ಚಾಗಿತ್ತು. ವಿಚಾರಿಸಿ ನೋಡಲಾಗಿ ಎರಡೂ ಸರಿಯೆಂದು ತಿಳಿದುಬಂದಿದೆ. ಹಿಂದಿನ ಬೀದಿಗಳ ಕಂಬಗಳಲ್ಲಿ ದೀಪಗಳಿಲ್ಲ. ಅವು ತೆರಕಣಾಂಬಿಯ ಮದುವೆ ಚಪ್ಪರದಲ್ಲಿ ಉರಿಯುತ್ತಿದ್ದುದನ್ನು ನಮ್ಮವರು ಕಣ್ಣಾರೆ ಕಂಡಿದ್ದಾರೆ.'

"ಉರಿಯೋದನ್ನ ನಾನು ನೋಡಲಿಲ್ಲ. ಗಾಜು ಒರೆಸೋದನ್ನ ನೋಡಿದೆ," ಎಂದೆ. ಅವರು ಅದನ್ನು ಹೊಡೆದು ಹಾಕಿ, ಒರೆಸುತ್ತಿದ್ದುದನ್ನು ಎಂದು ತಿದ್ದಿದರು.

ಅಣ್ಣ ಮೊಳೆ ಜೋಡಿಸುವಾಗ ನಾನು ಪಕ್ಕದಲ್ಲೇ ನಿಂತಿದ್ದೆ. ಜೀವಮಾನದಲ್ಲಿ ಮೊದಲ ಸಲ ಅವನು ತಾನಾಗಿಯೇ ಕೇಳಿದ, "ಯಾವುದ್ಕವ್ವ ದೊಡ್ ಅ, ಯಾವುದ್ಕೆ ಚಿಕ್ಕುದು?" ಒಂದೊಂದಕ್ಕೂ ಬೆರಳಿಟ್ಟು ತೋರಿಸಿದೆ. ಅವತ್ತಿನ ಪುಟದಲ್ಲಿ ಒಂದು ತಪ್ಪೂ ಇರಲಿಲ್ಲ.

ಸಂಚಿಕೆ ಹೊರಬಿದ್ದ ದಿನ ನಮ್ಮ ಎದುರಿನ ಹೋಟೆಲಿನಲ್ಲಿ ಜಾತ್ರೆ. ಓದು ಬಲ್ಲವನೊಬ್ಬ ಬೆಂಚಿನ ಮೇಲೆ ನಿಂತು ಎಲ್ಲರಿಗೂ ಕೇಳುವ ಹಾಗೆ ಓದಿದ: "ಆರಿಸಿದರು ಎಂದಿರಬೇಕಾದ ಕಡೆ ಆರಿಸಿದರು ಎಂದು ಅಚ್ಚಾಗಿತ್ತು."

"ಅದ್ರಲ್ ತಪ್ಪೇನ್ಲಾ?" ಎಂದು ಕೇಳಿದ ಒಬ್ಬ.

"ನಂಗೂ ಗೊತ್ತಾಯ್ತಿಲ್ಲ ಕಣ್ಲಾ. ಎಲ್ಡೂ ಸರಿ ಅಂತ ಅವ್ರೇ ಬರ್ದವ್ರೆ."

"ಸರಿ ಇದ್ಮೇಲೆ ಯಾಕ್ಲಾ ತಿದ್ದುದ್ರು?"

ನಾನು ಸೆರಗು ಬಾಯಿಗೆ ತುರುಕಿಕೊಂಡು ಒಳಗೆ ಓಡಿದೆ. ನಮ್ಮ ಪತ್ರಿಕೆಯ ಅತ್ಯಂತ ಧೀರ ವಾಕ್ಯ ನಮ್ಮೂರಿನ ನಾಲಿಗೆಯ ಮೇಲೆ ನೀರಾಗಿ ಹರಿದುಹೋಯಿತು. ಆದರೆ ಓದುವವನು ನಿಲ್ಲಿಸಲಿಲ್ಲ. ತೆರಕಣಾಂಬಿ, ಮದುವೆ ಚಪ್ಪರ ಎಂದು ಬಂದಾಗ ಇಡೀ ಹೋಟೆಲು ಘೊಳ್ಳೆಂದಿತು. 'ಹ' ಇಲ್ಲದೆಯೂ ವಿಷಯ ತಲುಪಿತ್ತು.

ಅಧ್ಯಕ್ಷರು ಕೋರ್ಟಿಗೆ ಹೋಗಲಿಲ್ಲ. ಆಳು ಕಳಿಸಿ ಮಳಿಗೆ ಖಾಲಿ ಮಾಡಲು ಹೇಳಿದರು, ಖಾಲಿ ಮಾಡಿದೆವು. ಯಂತ್ರವನ್ನು ಎತ್ತಿನ ಗಾಡಿಗೆ ಏರಿಸುವಾಗ ಅಣ್ಣ ಕೂಗಾಡಿದ್ದು ದೊಡ್ಡ ಬೀದಿಗೆಲ್ಲ ಕೇಳಿಸಿತು. ಗಿರಣಿಯವರ ಮದುವೆ ಕಾಗದ, ರಸೀತಿ ಪುಸ್ತಕ ಎಲ್ಲ ಕೈ ತಪ್ಪಿತು. ಅವರನ್ನು ನೋಡಿ ಇನ್ನು ಕೆಲವರು ದೂರವಾದರು. ಕೊಟ್ಟಿಗೆಯಲ್ಲಿ ಮೊದಮೊದಲು ಅಚ್ಚು ಹಾಕಿದ ಕಾಗದಕ್ಕೆಲ್ಲ ಸಗಣಿಯ ವಾಸನೆ. ನಮ್ಮ ಹೊಟ್ಟೆಗೆ ಆ ವರ್ಷ ಕಷ್ಟವೇ ಆಯಿತು, ಇಲ್ಲವೆನ್ನಲಾರೆ. ಆದರೆ ನಮ್ಮವರು ಆ ಕೊಟ್ಟಿಗೆಯಲ್ಲಿ ಮೊದಲಿಗಿಂತ ನೆಟ್ಟಗೆ ಕೂರುತ್ತಿದ್ದರು. ನನಗೆ ಅವರನ್ನು ಕಂಡರೆ ಹೆಮ್ಮೆಯಾಗುತ್ತಿತ್ತು. ಎದುರಿಗೆ ಹೇಳಿದರೆ ಮತ್ತೆ ಹತ್ತೊಂಬತ್ತನೇ ವಿಧಿ ಶುರುಮಾಡುತ್ತಾರೆಂದು ಹೇಳಲಿಲ್ಲ.

ದೀಪಗಳು ಹಿಂದಕ್ಕೆ ಬಂದವು. ಯಾರೂ ಏನೂ ಹೇಳದೆ ಒಂದು ಬೆಳಿಗ್ಗೆ ಗಾಡಿಯಲ್ಲಿ ಬಂದು, ಕಂಬಗಳನ್ನೇರಿದವು. ಗಾಜಿಗೆ ಮದುವೆಯ ಅರಿಶಿನ ಹತ್ತಿತ್ತು ಎಂದು ಅಣ್ಣ ಹೋಗಿ ನೋಡಿಕೊಂಡು ಬಂದ. ಅಧ್ಯಕ್ಷರು ಅವನ್ನು ಇನ್ನೊಮ್ಮೆ ಉದ್ಘಾಟಿಸಿದರು. ಆ ಸುದ್ದಿಯನ್ನೂ ಹಾಕಿದೆವು, ನಡೆದದ್ದು ನಡೆದ ಹಾಗೆ.

ಅದಾಗಿ ಸ್ವಲ್ಪ ದಿನಕ್ಕೆ ಆ ಹಿಂದಿನ ಬೀದಿಯ ಹೆಂಗಸು ಕೊಟ್ಟಿಗೆ ಹುಡುಕಿಕೊಂಡು ಬಂದಳು. ಮಡಿಲಲ್ಲಿ ಅವರೆಕಾಯಿ ತಂದಿದ್ದಳು. ಅತ್ತೆ ಹೇಗಿದ್ದಾರೆ ಎಂದು ಕೇಳಿದೆ. ಎದ್ದು ಕೂರುತ್ತಾರೆ ಎಂದಳು. ಅವರೆಕಾಯಿ ಬೆಂಚಿನ ಮೇಲೆ ಸುರಿದು, ಅಚ್ಚಿನ ಯಂತ್ರವನ್ನು ಒಂದು ಸುತ್ತು ಬಂದು ನೋಡಿ, ನನ್ನ ಹತ್ತಿರ ನಿಂತು ದನಿ ತಗ್ಗಿಸಿದಳು.

"ಅವ್ವಾ, ನಮ್ ಬೀದಿ ಬಾವಿ ಊಳ್ ತೆಗ್ದು ವರ್ಸಾನ್‌ಗಟ್ಲೆ ಆಯ್ತು. ನೀರು ನಾರ್ತದೆ. ಅದ್ಕೂ ಒಂದು ತಪ್ ಆಕ್ಸಿ ಕೊಡವ್ವ."

"ತಪ್ಪು ಯಾಕಮ್ಮ? ಸರಿಯಾಗೇ ಹಾಕ್ತೀವಿ."

ಅವಳು ನನ್ನನ್ನು ತಿಳಿಯದ ಮಗುವನ್ನು ನೋಡುವಂತೆ ನೋಡಿದಳು. "ಇಷ್ಟ್ ವರ್ಸ ಸರ್ಯಾಗೇ ಆಕ್ತಿದ್ರಲ್ಲವ್ವ. ಅದ್ರಿಂದ ನಮ್ ಬೀದಿಲಿ ಒಂದ್ ದೀಪ ಅತ್ತಿತಾ?"

ನಮ್ಮವರೂ ಅಣ್ಣನೂ ಕೆಲಸ ನಿಲ್ಲಿಸಿ ನನ್ನ ಮುಖ ನೋಡುತ್ತಿದ್ದರು. ಬಾವಿ ಯಾವ ಕಡೆ ಇದೆ ಎಂದು ಕೇಳಿ, ಚಪ್ಪಲಿ ಮೆಟ್ಟಿಕೊಂಡು ಅವಳ ಜೊತೆ ಹೊರಟೆ.